ಏಣಿ ಮೇಲಿಂದ ಕೊಟ್ಟ ಉತ್ತರ

2022ನೇ ಇಸವಿ. ಕುಂದಗೋಳದಲ್ಲಿ ನಾನು ಆರ್‌ಒ ಮಷೀನು ಕೂಡಿಸುವ, ರಿಪೇರಿ ಮಾಡುವ ಅಂಗಡಿ ತೆರೆದು ಆಗ ಹನ್ನೊಂದು ವರ್ಷವಾಗಿತ್ತು. ಅದಕ್ಕೂ ಮೊದಲು ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಿದ್ದೆ. ಊರಲ್ಲಿ ಇನ್ನೂ ನಾಲ್ಕು ಜನ ಈರಣ್ಣಗಳಿದ್ದುದರಿಂದ ನನ್ನನ್ನು ಫಿಲ್ಟರ್ ಈರಣ್ಣ ಎಂದು ಕರೆಯುತ್ತಿದ್ದರು. ಆ ಹೆಸರಿನ ಮೇಲೆ ನನಗೆ ಅಷ್ಟಿಷ್ಟು ಅಹಂಕಾರವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ನನ್ನ ಕೆಲಸದಲ್ಲಿ ಯಾರಾದರೂ ಹುಳುಕು ತೆಗೆದರೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ನಾನು ಹೇಳಹೊರಟಿರುವ ಸಂಗತಿಯಲ್ಲಿ ಅರ್ಧ ಕೆಲಸ ಕೆಡಿಸಿದ್ದು ಆ ಉರಿಯೇ.

ನಮ್ಮ ಕಡೆಯ ಎರೆಭೂಮಿಯಲ್ಲಿ ಬೋರ್ ಕೊರೆಸಿದರೆ ನೀರು ಬೀಳುತ್ತದೆ, ಆದರೆ ಬಾಯಿಗೆ ಹಾಕಿಕೊಳ್ಳಲು ಬರುವುದಿಲ್ಲ. ಬರೀ ಉಪ್ಪು. ಹಾಗಾಗಿ ಕುಡಿಯಲು ಮೊದಲಿನಿಂದಲೂ ಕೆರೆಯ ನೀರು, ಬಳಕೆಗೆ ಬೋರ್ ನೀರು ಎಂಬ ಪದ್ಧತಿ. ಈಚಿನ ವರ್ಷಗಳಲ್ಲಿ ಬೋರ್ ನೀರನ್ನೇ ಸಿಹಿ ಮಾಡಿಕೊಳ್ಳಲು ಮನೆಮನೆಗೆ ಆರ್‌ಒ ಬಂದಿದೆ. ಇದರೊಳಗೆ ಮುಖ್ಯವಾದದ್ದು ಮೆಂಬ್ರೇನ್ ಎಂಬ ಸುತ್ತಿಟ್ಟ ಪೊರೆ. ಮೋಟಾರಿನ ಒತ್ತಡಕ್ಕೆ ನೀರು ಅದರ ಮೂಲಕ ದಾಟುತ್ತದೆ, ಉಪ್ಪು ಹಿಂದೆ ಉಳಿದು ಬೇರೆ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಎಷ್ಟು ಉಪ್ಪು ಉಳಿದಿದೆ ಎಂದು ತೋರಿಸುವ ಅಂಕಿಗೆ ಟಿಡಿಎಸ್ ಎನ್ನುತ್ತೇವೆ: ಒಂದು ಲೀಟರ್ ನೀರಿನಲ್ಲಿ ಕರಗಿರುವ ಲವಣ ಒಟ್ಟು ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಅದನ್ನು ಅಳೆಯುವ ಪೆನ್ನಿನಂಥ ಮೀಟರ್ ಹಗಲೆಲ್ಲ ನನ್ನ ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ನೀರಿನಲ್ಲಿ ಅದ್ದಿ, ಅಂಕಿ ಓದಿ, ‘ಅಗದಿ ಚಲೋ ಐತ್ರಿ’ ಎಂದು ಹೇಳಿ ಎದ್ದು ಬರುವುದು ನನ್ನ ರೂಢಿ.

ಆ ವರ್ಷದ ಫೆಬ್ರವರಿಯಲ್ಲಿ ಯರಗುಪ್ಪಿಯ ಮಹಾಂತೇಶ ಮಾಸ್ತರರು ಫೋನ್ ಮಾಡಿದರು. ಅಲ್ಲಿಯ ಪ್ರಾಥಮಿಕ ಶಾಲೆಯ ಶಿಕ್ಷಕರು, ನಲವತ್ತರ ಆಸುಪಾಸಿನವರು, ದನಿ ಏರಿಸದ ಮನುಷ್ಯ. ಅಡಿಗೆಮನೆಗೊಂದು ಆರ್‌ಒ ಬೇಕು, ಅದರಿಂದಲೇ ಇನ್ನೊಂದು ಪೈಪ್ ಎಳೆದು ಮೀನಿನ ಗಾಜಿನ ತೊಟ್ಟಿಗೂ ನೀರು ಕೊಡಬೇಕು ಎಂದರು. ನನಗೆ ನಗು ತಡೆಯಲಾಗಲಿಲ್ಲ.

“ಸರ್, ಮನಷ್ಯಾರಿಗೇ ಚಲೋ ನೀರು ಸಿಗವಲ್ದು. ಮೀನಿಗೆ ಆರ್‌ಒ ಏನ್ರಿ?”

“ನಮ್ಮ ಬೋರ್ ನೀರಾಗ ಗೋಲ್ಡ್ ಫಿಶ್ ಸೈತ ಎಂಟು ದಿನ ತಡೀಲಿಲ್ಲ ಈರಣ್ಣಾರ. ನಗಬ್ಯಾಡ್ರಿ, ಮಾಡಿಕೊಡ್ರಿ,” ಎಂದರು.

ಮಾಸ್ತರರಿಗೆ ಬೇಕಾಗಿದ್ದದ್ದು ಡಿಸ್ಕಸ್ ಎಂಬ ಜಾತಿಯ ಮೀನು. ಬೆಳೆದರೆ ಸಣ್ಣ ರೊಟ್ಟಿಯಷ್ಟು ದುಂಡಗೆ, ಚಪ್ಪಟೆಯಾಗಿ ಆಗುತ್ತದೆ. ಉಪ್ಪು ಕಡಿಮೆ ಇರುವ ಮೆದು ನೀರು ಬೇಕು. ಹಾಗಂತ ಬರೀ ಆರ್‌ಒ ನೀರೂ ನಡೆಯದು, ಅದರಲ್ಲಿ ಮೀನಿಗೆ ಬೇಕಾದ ಲವಣವೂ ಇರುವುದಿಲ್ಲ. ಹುಬ್ಬಳ್ಳಿಯ ಮೀನಿನ ಅಂಗಡಿಯವನನ್ನು ಫೋನಿನಲ್ಲಿ ಕೇಳಿಕೊಂಡು ನಾನೂ ಮಾಸ್ತರರೂ ಒಂದು ಹದ ಗೊತ್ತು ಮಾಡಿದೆವು. ಹಿತ್ತಲ ಪಡಸಾಲೆಯಲ್ಲಿ ಐವತ್ತು ಲೀಟರಿನ ನೀಲಿ ಡ್ರಮ್. ಅದರಲ್ಲಿ ನಲವತ್ತೈದು ಲೀಟರ್ ಆರ್‌ಒ ನೀರು, ಐದು ಲೀಟರ್ ಸೋಸಿದ ಕೆರೆ ನೀರು. ಒಂದು ದಿನ ಹಾಗೇ ಬಿಟ್ಟು, ವಾರಕ್ಕೆರಡು ಸಲ ತೊಟ್ಟಿಯ ಹಳೆ ನೀರು ಅಷ್ಟೇ ತೆಗೆದು ಇದನ್ನು ಸುರಿಯುವುದು.

ಮಷೀನು ಕೂಡಿಸಲು ಅರ್ಧ ದಿನ ಹಿಡಿಯಿತು. ಅಡಿಗೆಮನೆಯಿಂದ ಹಿತ್ತಲಿಗೆ ಪೈಪನ್ನು ತೊಲೆಯ ಕೆಳಗೆ ಒಯ್ಯಬೇಕಿತ್ತು, ಏಣಿ ಹತ್ತಿ ಗೋಡೆಗೆ ಡ್ರಿಲ್ ಹಾಕುತ್ತಿದ್ದೆ. ಕಣ್ಣಲ್ಲಿ ಧೂಳು. ಕೆಳಗೆ ಮಾಸ್ತರರ ತಾಯಿ ಶಾಂತವ್ವ ನಿಂತಿದ್ದರು. ಎಪ್ಪತ್ತು ದಾಟಿದ ಹೆಣ್ಣುಮಗಳು, ಹಣೆಯ ತುಂಬ ವಿಭೂತಿ, ಗಟ್ಟಿ ದನಿ. ಅವರು ಏನೋ ಕೇಳಿದರು, ನಾನು ಡ್ರಿಲ್ ಒಂದು ಗಳಿಗೆ ನಿಲ್ಲಿಸಿ ಏನೋ ಹೇಳಿ ಮತ್ತೆ ಕೆಲಸ ಹಚ್ಚಿದೆ. ಆ ಮಾತು ಸಂಜೆಯೊಳಗೆ ನನಗೆ ಮರೆತುಹೋಯಿತು.

ಮಾರ್ಚಿನಲ್ಲಿ ಮಾಸ್ತರರು ಹುಬ್ಬಳ್ಳಿಯಿಂದ ಆರು ಮೀನು ತಂದರು. ಬೇಸಿಗೆಯೆಲ್ಲ ಸುಖವಾಗಿತ್ತು. ನಾನು ತಿಂಗಳಿಗೊಮ್ಮೆ ಹೋಗಿ ಮಷೀನು ನೋಡಿ ಬರುತ್ತಿದ್ದೆ. ಮನೆಯ ಆರ್‌ಒ ನೋಡಿಕೊಳ್ಳುವುದು ಬಹಳ ದೊಡ್ಡ ವಿದ್ಯೆಯಲ್ಲ, ಮರೆಯದೆ ಮಾಡಬೇಕು ಅಷ್ಟೆ. ಮುಂದಿನ ಬಿಳಿ ಸೆಡಿಮೆಂಟ್ ಫಿಲ್ಟರ್ ಮಣ್ಣು ಹಿಡಿಯುತ್ತದೆ, ನಮ್ಮ ಕಡೆ ಮೂರು ತಿಂಗಳಿಗೆ ಬದಲಿಸಬೇಕು. ಅದರ ಹಿಂದಿನ ಕಾರ್ಬನ್ ಫಿಲ್ಟರ್ ಬ್ಲೀಚಿಂಗ್ ಪೌಡರಿನ ಕ್ಲೋರಿನ್ ಮತ್ತು ವಾಸನೆ ಹಿಡಿಯುತ್ತದೆ, ಅದಕ್ಕೆ ಆರು ತಿಂಗಳು. ಮೆಂಬ್ರೇನ್ ಚೆನ್ನಾಗಿ ನೋಡಿಕೊಂಡರೆ ಎರಡು ವರ್ಷ ಬರುತ್ತದೆ. ಬೋರ್ ನೀರಿನ ಟಿಡಿಎಸ್ ಸಾವಿರದ ಎಂಟುನೂರರ ಮೇಲೆ, ಮಷೀನಿನಿಂದ ಹೊರಬಂದದ್ದು ಮೂವತ್ತಾರು, ಡ್ರಮ್ಮಿನಲ್ಲಿ ಕೆರೆ ನೀರು ಬೆರೆಸಿದ ಮೇಲೆ ಅರವತ್ತು. ಇವನ್ನು ಮಾಸ್ತರರು ಗೋಡೆಯ ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದರು.

ಜೂನ್ ಕೊನೆಗೆ ಮಳೆ ಹಿಡಿಯಿತು, ಕೆರೆಗೆ ಹೊಸ ನೀರು ಬಂತು. ಜುಲೈನಲ್ಲಿ ಮಾಸ್ತರರ ತಂಗಿ ವಿದ್ಯಾ ಕುಬಸ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಬಂದಳು. ಚೊಚ್ಚಿಲು ಬಸಿರು, ಏಳು ತುಂಬಿತ್ತು. ಅವಳು ಬಂದ ವಾರದಲ್ಲೇ ಎರಡು ಮೀನು ಸತ್ತವು.

ನಾನು ಹೋಗಿ ನೋಡಿದೆ. ಉಳಿದ ನಾಲ್ಕು ತೊಟ್ಟಿಯ ಮೂಲೆಗೆ ಸೇರಿ, ಮೈ ಕಪ್ಪಗೆ ಮಾಡಿಕೊಂಡು, ಕಿವಿರು ಬಡಿಯುತ್ತ ನಿಂತಿದ್ದವು. ಮೀಟರ್ ಅದ್ದಿದೆ. ಮಷೀನಿನ ನೀರು ಮೂವತ್ತಾರು. ಡ್ರಮ್ಮಿನದು ಎಪ್ಪತ್ತನಾಲ್ಕು. ಅರವತ್ತು ಇರಬೇಕಾದದ್ದು ಹದಿನಾಲ್ಕು ಹೆಚ್ಚು ಏಕೆ ಬಂತು ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಹೊಸ ನೀರು, ಕೆರೆಯ ಲೆಕ್ಕ ಹೆಚ್ಚುಕಡಿಮೆ ಆಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಕ್ಲೋರಿನ್ ದಾಟುತ್ತಿರಬಹುದೆಂದು ಕಾರ್ಬನ್ ಬದಲಿಸಿದೆ, ಸೆಡಿಮೆಂಟೂ ಬದಲಿಸಿದೆ. “ಇನ್ನ ಚಿಂತಿ ಬಿಡ್ರಿ ಸರ್,” ಎಂದು ಬೈಕ್ ಹತ್ತಿದೆ.

ಹತ್ತು ದಿನಕ್ಕೆ ಇನ್ನೆರಡು ಸತ್ತವು. ಈ ಸಲ ಮೆಂಬ್ರೇನನ್ನೇ ಬದಲಿಸಿದೆ, ಅದಕ್ಕೆ ಇನ್ನೂ ಆರು ತಿಂಗಳೂ ಆಗಿರಲಿಲ್ಲ. ನಾನು ಸ್ಪ್ಯಾನರ್ ಒರೆಸುತ್ತಿದ್ದಾಗ ಮಾಸ್ತರರು ಬಾಗಿಲಲ್ಲಿ ನಿಂತು ಕೇಳಿದರು.

“ಈರಣ್ಣಾರ, ಮೀನು ಸಾಯೋ ನೀರು ನಮ್ಮ ವಿದ್ಯಾ ಕುಡಿಯೂದು ಹೆಂಗ್ರಿ?”

ನ್ಯಾಯವಾದ ಪ್ರಶ್ನೆ. ಆದರೆ ನನ್ನ ಮೂಗಿನ ತುದಿಗೆ ಸಿಟ್ಟು ಬಂದಿತ್ತು. “ಮೀನು ಸಾಕೂದು ಬರದಿದ್ರ ಮಷೀನಿಗ್ಯಾಕ ಬೈತೀರಿ ಸರ್?” ಎಂದುಬಿಟ್ಟೆ. ಅಷ್ಟೇ ಅಲ್ಲ, ನಲ್ಲಿ ತಿರುಗಿಸಿ ಒಂದು ಚರಿಗೆ ತುಂಬ ನೀರು ಹಿಡಿದು ಅವರೆದುರು ಗಟಗಟ ಕುಡಿದು ತೋರಿಸಿದೆ. ಮಾಸ್ತರರು ನಾನು ಕುಡಿದು ಮುಗಿಸುವವರೆಗೆ ಕಾದರು. ಆಮೇಲೆ ಮಷೀನಿನ ಸ್ವಿಚ್ ಆರಿಸಿದರು.

“ಇದನ್ನ ಬಿಚ್ಚಿಕೊಂಡು ಹೋಗ್ರಿ ಅನ್ನಾಕತ್ತಿಲ್ಲ ನಾನು. ಆದ್ರ ಯಾಕ ಅಂತ ತಿಳಿಯೂತನಕ ನಮ್ಮ ಮನ್ಯಾಗ ಯಾರೂ ಇದನ್ನ ಕುಡಿಯೂದಿಲ್ಲ.”

ಅವರು ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಬೈದು ಹಗುರಾಗಿ ಬರುತ್ತಿದ್ದೆ. ಆ ತಣ್ಣನೆಯ ಮಾತು ಕುಂದಗೋಳದವರೆಗೂ ಬೈಕಿನ ಹಿಂದೆ ಕೂತು ಬಂತು.

ಯರಗುಪ್ಪಿಯಲ್ಲಿ ಆಗ ನಾನು ಕೂಡಿಸಿದ ಮಷೀನು ಹತ್ತೊಂಬತ್ತಿದ್ದವು. ವಾರದೊಳಗೆ ಆರು ಮನೆಯವರು ಸ್ವಿಚ್ ಆರಿಸಿದರು. ಮಾಸ್ತರರು ಯಾರ ಮುಂದೆಯೂ ನನ್ನನ್ನು ಆಡಿಕೊಂಡಿರಲಿಲ್ಲ, ಆದರೆ ಬಸುರಿ ಹೆಣ್ಣುಮಗಳಿರುವ ಮನೆಗೆ ನೀರಿನ ಕ್ಯಾನ್ ಬರುವುದನ್ನು ಓಣಿ ನೋಡುತ್ತದಲ್ಲ. ಚಹಾದಂಗಡಿಯಲ್ಲಿ ಒಬ್ಬ ಕೇಳಿದ, “ಏನ ಫಿಲ್ಟರ್ ಈರಣ್ಣಾ, ಮೀನಿಗೆ ಏನ ಕುಡಿಸಿದ್ಯೋ ಮಾರಾಯಾ?” ಕೂತವರೆಲ್ಲ ನಕ್ಕರು. ನಾಲ್ಕು ದಿನದಲ್ಲಿ ನನ್ನ ಹೆಸರು ಮೀನ ಈರಣ್ಣ ಎಂದಾಯಿತು. ಹನ್ನೊಂದು ವರ್ಷ ಕಟ್ಟಿದ ಹೆಸರು ಹೋಗಲು ನಾಲ್ಕು ಮೀನು ಸಾಕಾದವು ಎಂದು ನನಗೆ ಹೊಟ್ಟೆ ಉರಿಯಿತು. ಅದಕ್ಕಿಂತ ದೊಡ್ಡದು ಒಳಗಿನ ಹೆದರಿಕೆ. ನಿಜವಾಗಿಯೂ ನನ್ನ ನೀರಿನಲ್ಲೇ ಏನಾದರೂ ಇದ್ದರೆ? ಐದು ತಿಂಗಳು ಆ ಮನೆಯವರು ಅದನ್ನೇ ಕುಡಿದಿದ್ದಾರೆ, ವಿದ್ಯಾ ಹದಿನೈದು ದಿನ ಕುಡಿದಿದ್ದಾಳೆ. ಈ ಪ್ರಶ್ನೆಗೆ ನನ್ನ ಜೇಬಿನ ಮೀಟರಿನಲ್ಲಿ ಉತ್ತರವಿರಲಿಲ್ಲ.

ಕೊನೆಗೆ ಮರ್ಯಾದೆ ಬದಿಗಿಟ್ಟು ಹುಬ್ಬಳ್ಳಿಯ ಮೀನಿನ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ಹರೆಯದವನು, ನನ್ನ ಕಥೆಯನ್ನು ಕೈಕಟ್ಟಿ ಕೇಳಿದ.

“ಟಿಡಿಎಸ್ ನೋಡೀರಿ ಕಾಕಾ. ಪಿಎಚ್ ನೋಡೀರೇನು?”

ನೋಡಿರಲಿಲ್ಲ. ಪಿಎಚ್ ಎಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ. ಏಳು ಎಂದರೆ ಸಮ, ಅದಕ್ಕಿಂತ ಇಳಿದಷ್ಟೂ ಹುಳಿ. ಕುಡಿಯುವ ನೀರಿನ ಕೆಲಸದಲ್ಲಿ ಅದರ ಗೋಜಿಗೆ ನಾನು ಹೋದವನೇ ಅಲ್ಲ. ಭಾಯಿ ಒಂದು ಸಣ್ಣ ಬಾಟಲಿ ತೆಗೆದುಕೊಟ್ಟ. ನೀರಿಗೆ ಮೂರು ಹನಿ ಬಿಟ್ಟರೆ ಬಣ್ಣ ಬರುತ್ತದೆ: ನೀಲಿ ಬಂದರೆ ಕ್ಷಾರ, ಹಸಿರು ಬಂದರೆ ಸಮ, ಹಳದಿ ಬಂದರೆ ಹುಳಿ. ಜೊತೆಗೆ ಒಂದು ಮಾತು ಹೇಳಿದ, “ಕೆರಿ ನೀರು ಹುಳಿ ತಡಕೋತದ ಕಾಕಾ, ಅದರಾಗ ಕ್ಷಾರ ಇರ್ತದ. ಆರ್‌ಒ ನೀರಿಗೆ ಆ ತಾಕತ್ತ ಇಲ್ಲ. ಏನರೆ ಚೂರು ಬಿದ್ರ ಸಾಕು, ನೇರ ಹುಳಿ ಆಗ್ತದ.”

ಮರುದಿನ ಬೆಳಿಗ್ಗೆ ಮಾಸ್ತರರಿಗೆ ಫೋನ್ ಮಾಡಿ, ಹೋದ ಸಲದ ಮಾತಿಗೆ ತಪ್ಪಾಯಿತು ಎಂದೆ, ಒಂದು ದಿನ ಪೂರ್ತಿ ನಿಮ್ಮ ಹಿತ್ತಲಲ್ಲಿ ಕೂರಲು ಬಿಡಬೇಕು ಎಂದು ಕೇಳಿದೆ. “ಬರ್ರಿ, ಅವ್ವ ಮನ್ಯಾಗ ಇರ್ತಾಳ,” ಎಂದರು. ಅವರು ಶಾಲೆಗೆ, ಅವರ ಹೆಂಡತಿ ಅಂಗನವಾಡಿ ಕೆಲಸಕ್ಕೆ ಹೋಗುವವರು. ನಾನು ಹತ್ತು ಗಂಟೆಗೆ ಹೋದಾಗ ಮನೆಯಲ್ಲಿ ಶಾಂತವ್ವ ಮತ್ತು ವಿದ್ಯಾ ಇಬ್ಬರೇ ಇದ್ದರು.

ನಾಲ್ಕು ಗ್ಲಾಸು ಕೇಳಿ ಇಸಿದುಕೊಂಡೆ. ಮಷೀನು ಹಚ್ಚಿ ಮೊದಲು ಬಂದ ನೀರು ಚೆಲ್ಲಿ, ಆಮೇಲಿನದಕ್ಕೆ ಹನಿ ಬಿಟ್ಟೆ: ತಿಳಿ ಹಸಿರು. ಜೀವ ಸ್ವಲ್ಪ ಬಂದಂತಾಯಿತು. ಕೆರೆ ನೀರು: ನೀಲಿ. ಮೀನಿನ ತೊಟ್ಟಿಯದು: ಹಳದಿ. ಡ್ರಮ್ಮಿನಲ್ಲಿ ಉಳಿದಿದ್ದ ಹಳೆ ನೀರು ಅರಿಷಿಣ ಕಲಸಿದ ಹಾಗೆ ಗಟ್ಟಿ ಹಳದಿ. ಹಸಿರಿಗೆ ನೀಲಿ ಕೂಡಿಸಿದರೆ ಹಳದಿ ಹೇಗಾಯಿತು? ಮಷೀನಿನಿಂದ ಹೊರಟ ಮೇಲೆ, ಮೀನಿಗೆ ಮುಟ್ಟುವ ಮೊದಲು, ಆ ನೀಲಿ ಡ್ರಮ್ಮಿನಲ್ಲಿ ಏನೋ ಆಗುತ್ತಿದೆ ಎಂಬುದು ಅಷ್ಟಕ್ಕೇ ಖಾತ್ರಿಯಾಯಿತು.

ಡ್ರಮ್ ಬರಿದು ಮಾಡಿ ತಿಕ್ಕಿ ತೊಳೆದೆ. ಹೊಸದಾಗಿ ಅದೇ ಅಳತೆಯಲ್ಲಿ ತುಂಬಿದೆ. ತಾಸಿಗೆ ಹದಿನೈದು ಲೀಟರ್ ಕೊಡುವ ಮಷೀನು, ತುಂಬಿ ಮುಗಿಯುವಾಗ ಮಧ್ಯಾಹ್ನ ಒಂದೂವರೆ ಆಗಿತ್ತು. ಹನಿ ಬಿಟ್ಟೆ, ಹಸಿರು. ಇನ್ನು ಕಾಯುವುದೊಂದೇ ಕೆಲಸ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತೆ. ಶಾಂತವ್ವ ಅಲ್ಲಿಗೇ ರೊಟ್ಟಿ, ಹೆಸರುಕಾಳಿನ ಪಲ್ಯ, ಕೆನೆಮೊಸರು ತಂದಿಟ್ಟರು. ಊರೆಲ್ಲ ನನ್ನನ್ನು ನೋಡಿ ನಗುತ್ತಿದ್ದ ಆ ವಾರದಲ್ಲಿ ನನಗೆ ಮೊದಲು ಸಿಕ್ಕ ಕಕ್ಕುಲಾತಿ ಅದು.

“ಉಣ್ಣು ತಮ್ಮಾ. ಆ ಮೀನ ಸತ್ತಿದ್ದು ನೋಡಿ ನನಗ ಎರಡು ದಿನ ತುತ್ತ ಇಳೀಲಿಲ್ಲ. ಮುಂಜಾನೆದ್ದು ನಾ ಗಾಜಿನ ಮುಂದ ಹೋದ್ರ ಆರೂ ಈ ಕಡೆ ಬರ್ತಿದ್ವು ನೋಡು,” ಎಂದರು.

ಎರಡೂವರೆಯ ಹೊತ್ತಿಗೆ ವಿದ್ಯಾ ಒಳಗೆ ಮಲಗಿದ್ದಳು. ಶಾಂತವ್ವ ಹಿತ್ತಲಿಗೆ ಬಂದು ಡ್ರಮ್ಮಿನ ಮುಚ್ಚಳ ತೆಗೆದು ಬಗ್ಗಿ ನೋಡಿದರು. ಮಳೆಗಾಲದ ಕೆರೆ ನೀರು ಐದು ಲೀಟರ್ ಬೆರೆತಿದ್ದರಿಂದ ನೀರು ಮಸುಕಾಗಿ ಕಾಣುತ್ತಿತ್ತು. ಗೋಡೆಯ ಗೂಡಿನಿಂದ ನಿಂಬೆಹಣ್ಣಿನ ಗಾತ್ರದ ತುರಟಿ ತೆಗೆದರು. ಬೇರೆ ಕಡೆ ಪಟಿಕ ಎನ್ನುತ್ತಾರೆ, ರಾಡಿ ನೀರನ್ನು ತಿಳಿ ಮಾಡುವ ಬಿಳಿ ಕಲ್ಲು. ನಮ್ಮಲ್ಲಿ ಮಳೆಗಾಲದಲ್ಲಿ ಕೊಡದೊಳಗಿನ ನೀರಿನಲ್ಲಿ ಅದನ್ನು ಆಡಿಸದ ಮನೆಯೇ ಇರಲಿಲ್ಲ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಳಕೈವರೆಗೆ ಕೈ ಇಳಿಸಿ, ತುರಟಿಯನ್ನು ಸುತ್ತ ತಿರುಗಿಸತೊಡಗಿದರು. ತುಟಿ ಅಲುಗುತ್ತಿತ್ತು, ಸುತ್ತು ಎಣಿಸುತ್ತಿದ್ದರು.

ನಾನು ಕೂತಲ್ಲಿಂದಲೇ ಕೇಳಿದೆ.

“ಅವ್ವಾರ, ಏನ ಮಾಡಾಕತ್ತೀರಿ?”

“ತುರಟಿ ಆಡಸಾಕತ್ತೀನಿ. ಕೆರೀ ನೀರು ಕೂಡೇತಲ್ಲ, ರಾಡಿ ಐತಿ. ನಾವು ತಿಳೀ ನೀರು ಕುಡದು ಮೂಕ ಜೀವಕ್ಕ ರಾಡಿ ಕೊಡೂದೇನು?”

“ಎಂದಿನಿಂದ ಆಡಸ್ತೀರಿ?”

“ಕೆರೀಗೆ ಹೊಸ ನೀರು ಬಂದಾಗಿಂದ. ಡ್ರಮ್ ತುಂಬಿದಾಗೆಲ್ಲ ಇಪ್ಪತ್ತೊಂದು ಸುತ್ತು.” ಕೈ ಒರೆಸಿಕೊಂಡು ನನ್ನ ಮುಖ ನೋಡಿದರು. “ಯಾಕ? ನಾ ಕೇಳೇ ಮಾಡೀನಲ್ಲ. ಈ ನೀರಿಗೂ ತುರಟಿ ಆಡಸಬಹುದೇನು ತಮ್ಮಾ ಅಂದೆ. ಆಡಸ್ರಿ ಅವ್ವಾರ, ಏನೂ ಆಗೂದಿಲ್ಲ ಅಂದಿ. ನಿಚ್ಚಣಿಕಿ ಮ್ಯಾಲೆ ನಿಂತಿದ್ದಿ ಆಗ.”

ಆಗ ಎಲ್ಲ ನೆನಪಾಯಿತು. ಗೋಡೆಯ ಧೂಳು, ಕೈಯಲ್ಲಿ ಭಾರವಾಗಿದ್ದ ಡ್ರಿಲ್, ಕೆಳಗಿನಿಂದ ಬಂದ ದನಿ. ಅವರು ಯಾವ ನೀರಿನ ಬಗ್ಗೆ ಕೇಳುತ್ತಿದ್ದಾರೆ ಎಂದು ನಾನು ಕೇಳಿರಲಿಲ್ಲ. ಬೇಗ ಸುಮ್ಮನಾಗಲಿ ಎಂದು ಹೂಂ ಅಂದಿದ್ದೆ. ಆ ಹೆಣ್ಣುಮಗಳು ಅದನ್ನು ಫೆಬ್ರವರಿಯಿಂದ ಮಳೆಗಾಲದವರೆಗೆ ಕಾಪಾಡಿಟ್ಟುಕೊಂಡಿದ್ದರು.

ಅರ್ಧ ತಾಸು ಬಿಟ್ಟು ಡ್ರಮ್ಮಿನ ನೀರಿಗೆ ಹನಿ ಬಿಟ್ಟೆ. ಹಳದಿ. ಇನ್ನೊಂದು ಗ್ಲಾಸಿನಲ್ಲಿ ಬರೀ ಕೆರೆ ನೀರು ಹಾಕಿ ಅದರಲ್ಲೂ ತುರಟಿ ತುಸು ಆಡಿಸಿ ಹನಿ ಬಿಟ್ಟೆ. ನೀಲಿ ಹೋಗಿ ಹಸಿರಾಯಿತು, ಅಷ್ಟೆ. ಭಾಯಿ ಹೇಳಿದ್ದು ಸರಿ. ತುರಟಿ ನೀರಿಗೆ ಹುಳಿ ತರುತ್ತದೆ. ಕೆರೆ ನೀರು ಆ ಹುಳಿಯನ್ನು ತಡೆದುಕೊಳ್ಳುತ್ತದೆ, ಅದಕ್ಕೇ ನಮ್ಮ ಹಿರಿಯರಿಗೆ ಎಂದೂ ಏನೂ ಆಗಿಲ್ಲ. ನಾನು ಉಪ್ಪಿನ ಜೊತೆ ಆ ತಾಕತ್ತನ್ನೂ ತೆಗೆದುಹಾಕಿದ್ದೆ. ಮೀಟರಿನಲ್ಲಿ ಹೆಚ್ಚಾಗಿದ್ದ ಹದಿನಾಲ್ಕು ಇದೇ ತುರಟಿ. ಕುಡಿಯುವ ನಲ್ಲಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಶಾಂತವ್ವ ಎರಡೂ ಗ್ಲಾಸು ನೋಡುತ್ತ ನಿಂತಿದ್ದರು.

“ಹಳದಿ ಅಂದ್ರ ಏನು?”

“ಹುಳಿ ಅಂತ್ರಿ.”

“ಹುಳಿ ಆದ್ರ ಮೀನ ಸಾಯ್ತಾವೇನು?”

“ನೋಡಬೇಕ್ರಿ,” ಎಂದೆ. ಅವರು ತುರಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಒಳಗೆ ಹೋದರು.

ಇಲ್ಲಿ ಸುಳ್ಳು ಹೇಳಬಾರದು. ನನಗೆ ಮೊದಲು ಆದದ್ದು ಖುಷಿ. ನನ್ನ ಮಷೀನು ಸರಿ ಇದೆ, ನನ್ನ ನೀರು ಸರಿ ಇದೆ. ಚಹಾದಂಗಡಿಯಲ್ಲಿ ನಿಂತು ಏನು ಹೇಳಬೇಕು, ಯಾರ ಮುಖ ನೋಡಿ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಮಾಸ್ತರರಿಗೆ ತಿಳಿಸಲು ಫೋನ್ ತೆಗೆದು ಒಳಗೆ ಕಾಲಿಟ್ಟೆ. ಮುಂದಿನ ಪಡಸಾಲೆಯಲ್ಲಿ ಶಾಂತವ್ವ ಗಾಜಿನ ತೊಟ್ಟಿಯ ಮುಂದೆ ನೆಲದ ಮೇಲೆ ಕೂತಿದ್ದರು. ಉಳಿದ ಎರಡು ಮೀನು ಮೂಲೆಯಲ್ಲಿದ್ದವು, ಅವರತ್ತ ಬರಲಿಲ್ಲ. ಅವರು ಗಾಜಿಗೆ ಬೆರಳು ಹಚ್ಚಿ ಹಾಗೇ ಇದ್ದರು. ನಾನು ಫೋನ್ ಜೇಬಿಗೆ ಹಾಕಿಕೊಂಡೆ. ಕಾರಣ ಹೇಳಿದರೆ ನನ್ನ ಹೆಸರು ಉಳಿಯುತ್ತದೆ, ನಾಳೆಯಿಂದ ಓಣಿಯ ನಗೆ ನನ್ನನ್ನು ಬಿಟ್ಟು ಈ ಮನೆಯ ಹಿರಿಯಳ ಬೆನ್ನು ಹತ್ತುತ್ತದೆ. ಅವರು ಮಾಡಿದ್ದು ಕೇಳಿ ಮಾಡಿದ ಕೆಲಸ. ಕೇಳಿದ್ದು ನನ್ನನ್ನೇ.

ಐದಕ್ಕೆ ಮಾಸ್ತರರೂ ಅವರ ಹೆಂಡತಿಯೂ ಬಂದರು. ವಿದ್ಯಾ ಎದ್ದು ಗೋಡೆಗೆ ಒರಗಿ ಕೂತಿದ್ದಳು. ನಾನು ನಿಂತೇ ಹೇಳಿದೆ.

“ಸರ್, ಮಷೀನ್ ಸರಿ ಐತಿ. ಕುಡಿಯೋ ನೀರೂ ಸರಿ ಐತಿ, ವಿದ್ಯಾಕ್ಕಾರು ನಿಶ್ಚಿಂತಿಂದ ಕುಡೀಲಿ. ಡ್ರಮ್ಮಿನ ನೀರಿನ ವಿಷಯದಾಗ ನಾ ಹೇಳಿದ್ದು ತಪ್ಪಾಗಿತ್ತು. ತಪ್ಪು ನಂದು.”

ಎದುರಿಗಿದ್ದವರು ಶಿಕ್ಷಕರು. “ಏನ ತಪ್ಪು?” ಎಂದು ಕೇಳಿದರು. ನಾನು ಹದ ಎಂದೆ, ಅಳತೆ ಎಂದೆ, ಕೆರೆ ನೀರು ಎಂದೆ. ನನ್ನ ಮಾತಿಗೆ ತಲೆಬುಡ ಇರಲಿಲ್ಲ. ಮಾಸ್ತರರು ಹಣೆ ಗಂಟಿಕ್ಕಿದರು.

ಅಡಿಗೆಮನೆಯ ಹೊಸ್ತಿಲಿನಿಂದ ಶಾಂತವ್ವ ಹೇಳಿದರು:

“ಅಂವನ್ನ ಯಾಕ ಗೋಳು ಹುಯ್ಕೋತೀಯೋ ಮಾಂತೇಶಾ. ಆ ನೀರಿಗೆ ತುರಟಿ ಆಡಿಸಿದಾಕಿ ನಾನು. ಆಡಸ್ರಿ ಅಂದಾವ ಇಂವಾ. ಇಬ್ಬರೂ ಕೂಡೇ ಕೊಂದೀವಿ.”

ನಾನು ನೆಲ ನೋಡುತ್ತಿದ್ದೆ. ವಿದ್ಯಾ ಹೇಳಿದಳು, “ಅವ್ವ ಆಡಸೂದು ನಾ ಎಷ್ಟೋ ಸಲ ನೋಡೀನಿ. ಹೇಳೂ ವಿಷಯ ಅಂತ ಹೊಳೀಲೇ ಇಲ್ಲ.” ಮಾಸ್ತರರು ತಾಯಿಯ ಬಾಜು ಹೋಗಿ ಕೂತರು. “ಇಷ್ಟು ದಿನ ಊರವರನ್ನೆಲ್ಲಾ ಕೇಳಿದೆ ನಾನು, ನಿನ್ನ ಒಂದು ಮಾತು ಕೇಳಲಿಲ್ಲ ನೋಡವ್ವಾ,” ಎಂದರು. ಎದ್ದು ಹೋಗಿ ಮಷೀನಿನ ನಲ್ಲಿಯಿಂದ ಒಂದು ಲೋಟ ನೀರು ಹಿಡಿದು, ತಾವು ಅರ್ಧ ಕುಡಿದು, ಉಳಿದದ್ದು ತಂಗಿಯ ಕೈಗೆ ಕೊಟ್ಟರು. ಅವಳು ಕುಡಿದಳು. ನಾನು ಸ್ಪ್ಯಾನರ್ ಹುಡುಕುವ ನೆವ ಮಾಡಿ ಹಿತ್ತಲಿಗೆ ಹೋದೆ.

ಉಳಿದ ಎರಡು ಮೀನನ್ನು ಬದುಕಿಸಲು ಮೂರು ದಿನ ಹಿಡಿಯಿತು. ಹುಳಿ ನೀರಿಗೆ ಒಗ್ಗಿದ ಮೀನನ್ನು ಒಮ್ಮೆಲೇ ಒಳ್ಳೆಯ ನೀರಿಗೆ ಹಾಕಿದರೂ ಸಾಯುತ್ತದೆ ಎಂದು ಭಾಯಿ ಎಚ್ಚರಿಸಿದ್ದ. ಅಡಿಗೆ ಸೋಡಾ ಚಿಟಿಕೆಯಷ್ಟು ಕರಗಿಸಿ, ತುರಟಿ ಮುಟ್ಟಿಸದ ಹೊಸ ನೀರಿಗೆ ಬೆರೆಸಿ, ಹೊತ್ತಿಗೊಂದು ಚರಿಗೆಯಂತೆ ತೊಟ್ಟಿಗೆ ಸುರಿಯಬೇಕು. ಸುರಿದದ್ದು ಶಾಂತವ್ವ. ನಾಲ್ಕನೆಯ ದಿನ ನನಗೆ ಫೋನ್ ಬಂತು. “ಹಸರ ಬಂತು ತಮ್ಮಾ. ಎರಡೂ ಗಾಜಿಗೆ ಬಂದು ನಿಂತಾವ.”

ಕೆರೆ ನೀರಿನ ಮಸುಕಿಗೆ ಬೇರೆ ದಾರಿ ಮಾಡಿದೆವು: ಒಂದು ದಿನ ಕೊಡದಲ್ಲಿ ಇಳಿಯಲು ಬಿಟ್ಟು, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ ಬೆರೆಸುವುದು. ಹನಿಯ ಬಾಟಲಿಯನ್ನು ಶಾಂತವ್ವ ತಮ್ಮ ಗೂಡಿನಲ್ಲಿ, ತುರಟಿ ಇದ್ದ ಜಾಗದಲ್ಲಿ ಇಟ್ಟುಕೊಂಡರು. ಡ್ರಮ್ ತುಂಬಿದಾಗೆಲ್ಲ ಅವರೇ ನೋಡುತ್ತಿದ್ದರು. ಊರಿಗೆ ಕಾರಣ ತಿಳಿದದ್ದೂ ಅವರ ಬಾಯಿಂದಲೇ. ಗುಡಿಯ ಕಟ್ಟೆಯ ಮೇಲೆ ಕೂತ ಹೆಂಗಸರಿಗೆ ಎಲ್ಲ ಹೇಳಿದರಂತೆ, ನನ್ನ ಪಾಲು ಒಂದಿಷ್ಟೂ ಬಿಡದೆ. ಆರು ಮನೆಯ ಮಷೀನು ಮತ್ತೆ ಶುರುವಾದವು. ವಿದ್ಯಾಗೆ ಹೆಣ್ಣು ಮಗು ಆಯಿತು, ತೊಟ್ಟಿಲಿಗೆ ಹಾಕುವ ದಿನ ನನಗೂ ಕರೆಯಿತ್ತು. ಮೀನ ಈರಣ್ಣ ಎಂಬ ಹೆಸರು ಮಾತ್ರ ಯರಗುಪ್ಪಿಯಲ್ಲಿ ಇವತ್ತಿಗೂ ಉಳಿದಿದೆ. ಈಗ ಕರೆದರೆ ಓ ಅನ್ನುತ್ತೇನೆ.

ಈ ಕೆಲಸದಲ್ಲಿ ನಾನು ಕಂಪನಿಯವರ ತರಬೇತಿಗೆ ಎರಡು ಸಲ ಹೋಗಿದ್ದೇನೆ. ಮೋಟಾರಿನ ಒತ್ತಡ, ಮೆಂಬ್ರೇನಿನ ಆಯುಷ್ಯ ಎಲ್ಲ ಅಲ್ಲಿ ಕಲಿಸುತ್ತಾರೆ. ಮಷೀನು ಬರುವ ಮೊದಲು ಆ ಮನೆಯಲ್ಲಿ ನೀರು ಯಾರ ಕೈಯಲ್ಲಿತ್ತು, ಅವರು ಅದಕ್ಕೆ ಏನು ಮಾಡುತ್ತಿದ್ದರು ಎಂದು ಕೇಳಲು ಯಾರೂ ಕಲಿಸಲಿಲ್ಲ. ಈಗ ನಾನು ಪೆಟ್ಟಿಗೆ ಬಿಚ್ಚುವ ಮೊದಲು ಅದನ್ನು ಕೇಳುತ್ತೇನೆ. ಕೆಲವರು ನಗುತ್ತಾರೆ, ಕೆಲವರು ತಾಸುಗಟ್ಟಲೆ ಹೇಳುತ್ತಾರೆ. ಸಿಟ್ಟು ಕಡಿಮೆಯಾಗಿದೆ ಎಂದೇನೂ ಅಲ್ಲ. ಕೇಳಿದವರಿಗೆ ಉತ್ತರ ಕೊಡುವಾಗ ಮಾತ್ರ ಈಗ ಅವಸರ ಮಾಡುವುದಿಲ್ಲ.

ಹೋದ ತಿಂಗಳು ಮಿಶ್ರಿಕೋಟಿಯ ಒಂದು ಮನೆಯಲ್ಲಿ ಏಣಿಯ ಮೇಲೆ ನಿಂತು ಗೋಡೆಗೆ ಡ್ರಿಲ್ ಹಾಕುತ್ತಿದ್ದೆ. ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು, ಇನ್ನೊಂದು ತೂತು ಉಳಿದಿತ್ತು. ಕೆಳಗೆ ಕೋಲು ಹಿಡಿದ ಮುದುಕರೊಬ್ಬರು ಬಂದು ನಿಂತರು. “ಯಪ್ಪಾ, ಒಂದು ಮಾತು ಕೇಳ್ಲೇನು?” ಎಂದರು.

ಡ್ರಿಲ್ ಬಂದ್ ಮಾಡಿದೆ. ಏಣಿಯಿಂದ ಇಳಿದು ಬಂದು ಅವರ ಎದುರು ನಿಂತು, “ಕೇಳ್ರಿ ಅಜ್ಜಾರ,” ಎಂದೆ.